ಎಡಮೂಲೆಯ ಸೆಳೆತ

ಅಶ್ವಿತಾಳಿಗೆ ನೀರನ್ನು ಕಂಡು ಮೊದಲ ಬಾರಿ ಹೆದರಿಕೆಯಾದದ್ದು ಕಡಲಿನಲ್ಲಿ ಅಲ್ಲ. ನಾಸಿಕ್‌ನಿಂದ ಪಿಂಪಳಗಾಂವ್ ಬಸವಂತ್ ಕಡೆಗೆ ಹೋಗುವ ಹೆದ್ದಾರಿಯ ಪಕ್ಕ, ದ್ರಾಕ್ಷಿ ತೋಟಗಳ ನಡುವೆ ಕಟ್ಟಿದ್ದ ಒಂದು ಕೊಳದಲ್ಲಿ.

ಅವಳು ಮೂಲ್ಕಿ ಕಡೆಯವಳು. ಶಾಲೆಯ ಚೀಲವನ್ನು ಜಗಲಿಗೆ ಎಸೆದು ಸರ್ಫಿಂಗ್ ಬೋರ್ಡು ಹೊತ್ತು ದಂಡೆಗೆ ಓಡುತ್ತಿದ್ದ ಹುಡುಗಿ. ನಾಸಿಕ್‌ನಲ್ಲಿ ಅಲೆಯ ಪಾರ್ಕು ಶುರುವಾಗಿದೆ, ಸರ್ಫಿಂಗ್ ಕಲಿಸುವವರು ಬೇಕಂತೆ ಎಂಬ ಸುದ್ದಿ ಬಂದಾಗ ಮನೆಯವರೆಲ್ಲ ನಕ್ಕಿದ್ದರು. ಈರುಳ್ಳಿ ಲಾರಿ ಓಡಾಡುವ ಊರಿನಲ್ಲಿ ಎಂಥ ಅಲೆ ಅಂತ. ಆದರೆ ಅಲ್ಲಿ ಅವಳ ಸೋದರಮಾವ ಕಿಟ್ಟಣ್ಣನ ಹೋಟೆಲಿತ್ತು, ಉಳಿಯಲು ಅವನ ಮನೆಯಿತ್ತು. ಬಂದು ನೋಡಿದರೆ ಅಲೆಯೂ ಇತ್ತು. ಕೊಳದ ಒಂದು ತುದಿಯಲ್ಲಿ ಎತ್ತರದ ಕಾಂಕ್ರೀಟ್ ಗೋಡೆ, ಅದರ ಹಿಂದೆ ಸಾಲು ಕೋಣೆಗಳು. ಯಂತ್ರ ಆ ಕೋಣೆಗಳಿಗೆ ಗಾಳಿ ತುಂಬಿದಾಗ ಗೋಡೆಯ ಬುಡದ ಕಿಂಡಿಗಳಿಂದ ನೀರು ನುಗ್ಗಿ ಅಲೆಯಾಗಿ ಏಳುತ್ತಿತ್ತು. ಅಲೆ ಹೋದ ಮೇಲೆ ಅದೇ ಕಿಂಡಿಗಳು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದವು. ಯಾರೂ ಒಳಗೆ ಸಿಕ್ಕಿಕೊಳ್ಳದಂತೆ ಪ್ರತಿ ಕಿಂಡಿಗೂ ದಪ್ಪ ಕಂಬಿಗಳ ಜಾಲರಿ ಹಾಕಿದ್ದರು.

ಕಿಟ್ಟಣ್ಣನ ಮಗಳು ಪ್ರಜ್ಞಾ ಹೈಸ್ಕೂಲು ಓದುತ್ತಿದ್ದಳು. ಅಶ್ವಿತಾಳಿಂದ ಕಲಿತು ಕೆಲವೇ ತಿಂಗಳಲ್ಲಿ ಬೋರ್ಡಿನ ಮೇಲೆ ಮೀನಿನ ಹಾಗೆ ತಿರುಗತೊಡಗಿದ್ದಳು. ಒಂದು ಬೆಳಿಗ್ಗೆ ಆಯ ತಪ್ಪಿ ಗೋಡೆಯ ಎಡಮೂಲೆಯ ಹತ್ತಿರ ಬಿದ್ದಳು. ಎದ್ದು ಬರಲು ತುಸು ತಡವಾಯಿತು. ಅಶ್ವಿತಾ ಈಜಿ ಹೋಗಿ ತೋಳು ಹಿಡಿದಳು. ಆಗ ತನ್ನ ಕಾಲನ್ನೂ ಏನೋ ಕೆಳಕ್ಕೆ ಜಗ್ಗಿದಂತಾಯಿತು. ಕಡಲಿನ ಸೆಳೆತ ಅವಳಿಗೆ ಹೊಸದಲ್ಲ. ಅದು ಬರುವ ಮೊದಲು ನೀರಿನ ಬಣ್ಣ ಬದಲಾಗುತ್ತದೆ, ನೊರೆಯ ದಾರಿ ಕಾಣುತ್ತದೆ. ಇಲ್ಲಿ ಮೇಲೆ ನೀರು ಕನ್ನಡಿಯಂತೆ ನಿಂತಿತ್ತು, ಕೆಳಗಿನಿಂದ ಮಾತ್ರ ಯಾರೋ ಕೈ ಹಾಕಿದ ಹಾಗೆ.

"ಅಕ್ಕಾ, ಖೂಪ್ ಸ್ಟ್ರಾಂಗ್ ಇದೆ ಅಲ್ಲಿ. ಪಾಯ ಹಿಡ್ಕೊಂಡಂಗೆ ಆಯ್ತು," ಎಂದಳು ಪ್ರಜ್ಞಾ, ದಡದಲ್ಲಿ ಕೆಮ್ಮುತ್ತ. ತುಂಬಾ ಎನ್ನಲು 'ಖೂಪ್', ಕಾಲಿಗೆ 'ಪಾಯ' ಎಂದು ಮರಾಠಿ ಬೆರೆಸುವುದು ಅವಳ ರೂಢಿ.

ಅಶ್ವಿತಾ ನೇರವಾಗಿ ಮ್ಯಾನೇಜರ್ ಸುಜಿತ್‌ನ ಕೋಣೆಗೆ ಹೋದಳು. ಅವನು ಸಭ್ಯ ಮನುಷ್ಯ, ಎಂದೂ ದನಿ ಎತ್ತಿದವನಲ್ಲ. ಹಿಂದಿಯಲ್ಲಿ ಹೇಳಿದ: "ಮ್ಯಾಡಮ್, ಮೊನ್ನೆಯಷ್ಟೇ ಎಲ್ಲಾ ಜಾಲರಿ ಚೆಕ್ ಮಾಡಿಸಿದ್ದೇನೆ. ನಿಮಗೆ ಸಮುದ್ರದ ಅಭ್ಯಾಸ, ಅದಕ್ಕೇ ಹೀಗನಿಸುತ್ತದೆ."

"ನೀರು ಇಳಿಸಿ ಒಮ್ಮೆ ನೋಡೋಣ ಸರ್."

"ಭಾನುವಾರ ಮಾಲೀಕರ ಅತಿಥಿಗಳು ಬರುತ್ತಾರೆ. ದೊಡ್ಡ ಅಲೆ ತೋರಿಸಬೇಕು. ಅದು ಮುಗಿಯಲಿ, ಖಂಡಿತ ನೋಡೋಣ."

ಮರುದಿನ ಅವನೇ ಬಂದು ಇನ್ನೊಂದು ಕೆಲಸ ಹೇಳಿದ. ಛತ್ರಪತಿ ಸಂಭಾಜಿನಗರದಲ್ಲಿ, ಚಿಕಲಠಾಣಾದ ಆಚೆ, ಕಂಪನಿಯ ಎರಡನೇ ಪಾರ್ಕು ಸಿದ್ಧವಾಗುತ್ತಿದೆ. ಅಲ್ಲಿನ ಹುಡುಗರಿಗೆ ತರಬೇತಿ ಕೊಡಬೇಕು, ವಾರದ ಕೊನೆಗೇ ಹೊರಡಬೇಕು. ಭಾನುವಾರದ ಪ್ರದರ್ಶನಕ್ಕೆ ತಾನಿರುವುದಿಲ್ಲವಲ್ಲ ಎಂದಾಗ ಅವನು ನಕ್ಕ. "ನಿಮ್ಮ ಶಿಷ್ಯೆ ಇದ್ದಾಳಲ್ಲ. ಚೆನ್ನಾಗಿ ಮಾಡುತ್ತಾಳೆ."

ಅವಳು ಹೊರಡುವ ಮುನ್ನ ಪ್ರಜ್ಞಾಳನ್ನು ಅಡಿಗೆಮನೆಗೆ ಕರೆದು ಹೇಳಿದಳು: "ಎಡಮೂಲೆಗೆ ಹೋಗ್ಬೇಡ. ಏನೇ ಆದ್ರೂ ಹೋಗ್ಬೇಡ, ಆಯ್ತಾ?" ಹುಡುಗಿ ತಲೆಯಾಡಿಸಿದಳು. ಅವಳ ಗಮನವೆಲ್ಲ ಹೊಸ ಈಜುಡುಗೆಯ ಮೇಲಿತ್ತು. ಅತ್ತೆ ಸರೋಜಿನಿ ದಾರಿಗೆಂದು ಬನ್ಸ್ ಕಟ್ಟಿಕೊಟ್ಟಳು. ಬಸ್ಸು ಯೇವಲಾ ದಾಟುವವರೆಗೂ ಅಶ್ವಿತಾ ಆ ಪೊಟ್ಟಣ ಬಿಚ್ಚಲಿಲ್ಲ.

ಚಿಕಲಠಾಣಾದ ಕೊಳ ನಾಸಿಕ್‌ನದರ ಪಡಿಯಚ್ಚು. ಅದೇ ಗೋಡೆ, ಅದೇ ನೀಲಿ ಬಣ್ಣ. ಬಯಲಿನ ಬಿಸಿಗಾಳಿಗೆ ನೀರಿನ ಮೇಲೆ ಧೂಳಿನ ಪೊರೆ ಕಟ್ಟಿತ್ತು. ಭಾನುವಾರ ಹುಡುಗರು ತಡವಾಗಿ ಬರುತ್ತಾರೆಂದು ಅವಳು ಒಬ್ಬಳೇ ಗೋಡೆಯ ಉದ್ದಕ್ಕೂ ನಡೆಯುತ್ತ, ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದಳು. ಫೋನು ಇಟ್ಟ ಕೂಡಲೇ ಹಿಂದಿನಿಂದ ಯಾರೋ ಕೇಳಿದರು.

"ಅಕ್ಕಾರ, ನೀವು ಕನ್ನಡದವ್ರೇನ್ರಿ?"

ಬುಟ್ಟಿ ಸೊಂಟಕ್ಕಿಟ್ಟು ನಿಂತಿದ್ದ ಹೆಂಗಸಿನ ಹೆಸರು ದಾನಮ್ಮ. ಇಂಡಿ ಕಡೆಯವಳು. ಗಂಡ ಮೈಲಾರಿಯೊಂದಿಗೆ ಇಲ್ಲಿ ಕಟ್ಟಡದ ಕೆಲಸಕ್ಕಿದ್ದಳು, ಬೇಲಿಯಾಚೆ ತಗಡಿನ ಶೆಡ್ಡಿನಲ್ಲಿ ವಾಸ. ಊರು ಕೇರಿ ವಿಚಾರಿಸಿದ ಮೇಲೆ ಅವಳು ದನಿ ತಗ್ಗಿಸಿದಳು.

"ನೀವು ನೀರಿಗಿಳಿಯವ್ರು ಅಂತ ಕೇಳಿದ್ನಿರಿ. ಆ ಎಡಗಡಿ ಮೂಲಿಗೆ ಮಾತ್ರ ಹೋಗಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅಶ್ವಿತಾ ಮೂಲೆಯ ಕಡೆ ತಿರುಗಿದಳು. "ಯಾಕೆ? ಅಲ್ಲಿ ಏನಾಗಿದೆ?"

"ನಮ್ಮ ನಾಯಿ ಹೋತ್ರಿ. ಮಶಿನ್ ಪಸ್ಟ್ ಚಾಲೂ ಮಾಡಿದ ದಿನ ನೀರಿಗೆ ಹಾರಿತ್ರಿ. ಚಂದಾಗಿ ಈಸಾಕತ್ತಿತ್ತು, ನಾವೆಲ್ಲಾ ನಗಾಕತ್ತಿದ್ವಿ. ಆ ಮೂಲಿಗೆ ಹೋತು, ಮತ್ತ ಮ್ಯಾಲ ಬರಲೇ ಇಲ್ರಿ. ನೀರು ಇಳಿಸಿದಾಗ ನಮ್ಮಾಂವನ್ನ ಇಳಿಸಿದ್ರು. ಕಂಬಿ ಕಿತ್ತು ಒಂದು ಬಾಜೂ ಜೋತಾಡಾಕತ್ತಿತ್ತಂತ. ನಾಯಿ ಗ್ವಾಡಿ ಹಿಂದಿನ ಖೋಲ್ಯಾಗ ಸಿಕ್ತು."

"ಆಮೇಲೆ?"

"ತಂತಿ ಸುತ್ತಿ ಕಂಬಿ ಕೂಡ್ರಿಸಿದ್ರು. ನಾಸಿಕ್‌ನಿಂದ ಒಬ್ಬ ಸಾಹೇಬ ಬಂದಿದ್ದ, ಸುಜಿತ್ ಸಾಹೇಬ ಅಂತ. ಎಲ್ಲಾ ಕಣ್ಣಾರೆ ನೋಡಿದ. ನಾಸಿಕ್‌ದೂ ಹಿಂಗ ಕೂಡ್ರಿಸ್ಯಾರ ಅಂತ ಫೋನ್ಯಾಗ ಯಾರಿಗೋ ಹೇಳಾಕತ್ತಿದ್ದ. ನಮಗ, ಬಾಯಿ ಬಿಟ್ರ ಕೆಲಸ ಇಲ್ಲ ಅಂದ."

ಅಶ್ವಿತಾ ಸುಜಿತ್‌ಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು, ಕಟ್ ಮಾಡಿದ. ಯಂತ್ರ ನಡೆಸುವ ಅದ್ವೈತನ ಫೋನು ಸ್ವಿಚ್ ಆಫ್ ಆಗಿತ್ತು. ಕೊನೆಗೆ ಮಾವನಿಗೆ ಮಾಡಿದಳು. ಮಗಳ ಆಟ ನೋಡಲು ಕಿಟ್ಟಣ್ಣ ಗಲ್ಲಾಪೆಟ್ಟಿಗೆಯನ್ನು ಬೇರೆಯವರಿಗೆ ಒಪ್ಪಿಸಿ, ಹೆಂಡತಿಯೊಂದಿಗೆ ಪಾರ್ಕಿಗೆ ಬಂದು ಕೂತಿದ್ದ. ಅವನ ದನಿಯ ಹಿಂದೆ ಧ್ವನಿವರ್ಧಕದ ಹಾಡು, ಜನರ ಗಲಾಟೆ.

"ಮಾವ, ಪ್ರಜ್ಞಾ ಎಲ್ಲಿ?"

"ನೀರಲ್ಲಿ ಉಂಟು ಮಾರಾಯ್ತಿ, ಎಲ್ಲರ ಜೊತೆ. ಎಂತ ಆಯ್ತು?"

ಅವಳು ಹೇಳಿದಳು. ಬೇಗ ಬೇಗ ಹೇಳಿದಳು. ಫೋನು ಹಿಡಿದೇ ಕಿಟ್ಟಣ್ಣ ನಡೆದದ್ದು, ಸುಜಿತ್‌ನೊಂದಿಗೆ ಮರಾಠಿಯಲ್ಲಿ ವಾದಿಸಿದ್ದು ಅವಳಿಗೆ ಕೇಳಿಸಿತು. ಸುಜಿತ್‌ನ ದನಿ ಎಂದಿನಂತೆ ಮೆತ್ತಗಿತ್ತು. ಅತಿಥಿಗಳಿದ್ದಾರೆ ಅಣ್ಣಾ, ಕೂತ್ಕೊಳ್ಳಿ. ಆಮೇಲೆ ಮಾತಾಡೋಣ.

"ನಿಲ್ಸುದಿಲ್ಲವಂತೆ ಇವ," ಎಂದ ಕಿಟ್ಟಣ್ಣ. "ಪ್ರಜ್ಞಾಳನ್ನು ಕರೆದೆ, ಹಾಡಿನಲ್ಲಿ ಅವಳಿಗೆ ಕೇಳುದಿಲ್ಲ. ದೊಡ್ಡ ಅಲೆ ಬಿಡ್ತಾರೆ ಅಂತ ಮೈಕಿನಲ್ಲಿ ಹೇಳ್ತಾ ಇದ್ದಾರೆ."

ಅಶ್ವಿತಾಳಿಗೆ ತಾನೇ ಕಲಿಸಿದ ನಿಯಮ ನೆನಪಾಯಿತು. "ಮಾವ, ಬೋರ್ಡಿಲ್ಲದವರು ಯಾರಾದ್ರೂ ನೀರಿಗೆ ಬಿದ್ರೆ ಅದ್ವೈತ ಮಶೀನು ನಿಲ್ಲಿಸ್ಲೇಬೇಕು. ಅವನು ನಿಲ್ಲಿಸ್ತಾನೆ. ಕುರ್ಚಿಯೋ ಬ್ಯಾಗೋ ಎಸೆದ್ರೆ ಆಗುದಿಲ್ಲ, ಮನುಷ್ಯರೇ ಆಗ್ಬೇಕು. ಗಾರ್ಡಿಗೆ ಹೇಳಿ..."

ಆ ಕಡೆಯಿಂದ ಫೋನು ಕೈ ಬದಲಾಯಿಸಿದ ಸದ್ದು. ಆಮೇಲೆ ಸರೋಜಿನಿಯ ದನಿ, ಗುರುತು ಸಿಗದಷ್ಟು ಕಿರಿದಾಗಿ: "ಅಶ್ವೀ, ಇವರು ಹಾರಿದ್ರು."

ಸಣ್ಣವನಿದ್ದಾಗ ನಾಸಿಕ್‌ಗೆ ಬಂದು ಮೇಜು ಒರೆಸಲು ನಿಂತ ಮೇಲೆ ಕಿಟ್ಟಣ್ಣ ಒಮ್ಮೆಯೂ ಈಜಿರಲಿಲ್ಲ. ಅಶ್ವಿತಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ದಾನಮ್ಮ ಅವಳ ತೋಳು ಬಿಗಿಯಾಗಿ ಹಿಡಿದಿದ್ದಳು. ಫೋನಿನಲ್ಲಿ ಜನ ಗೊಳ್ಳೆಂದು ನಗುವುದು ಕೇಳಿಸಿತು. ಪಂಚೆ ಉಟ್ಟ ಮುದುಕ ನೀರಿಗೆ ಹಾರಿದ್ದಾನೆ ಎಂದು ಯಾರೋ ಮರಾಠಿಯಲ್ಲಿ ಕೂಗಿದರು. ಯಂತ್ರದ ಗುಡುಗು ಒಮ್ಮೆ ಏರಿ ಫಕ್ಕನೆ ನಿಂತಿತು.

"ನಿಂತಿತು," ಎಂದಳು ಸರೋಜಿನಿ. "ಮಕ್ಕಳನ್ನು ಹತ್ತಿಸ್ತಾ ಇದ್ದಾರೆ. ಪ್ರಜ್ಞಾ ಬಂದ್ಲು. ಇವರು... ಇವರು ಯಾಕೆ ಆಚೆ ಹೋಗ್ತಾ ಇದ್ದಾರೆ ಅಶ್ವಿ? ಈಜುದಿಲ್ಲ ಇವರು, ಬರೇ ಹೋಗ್ತಾ ಇದ್ದಾರೆ."

"ಯಾವ ಕಡೆ? ಅತ್ತೆ, ಯಾವ ಕಡೆ?"

ಯಂತ್ರ ನಿಂತರೂ ಕೋಣೆಗಳು ಕೊನೆಯ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಮಾವನಿಗೆ ಅದನ್ನು ಹೇಳಿರಲಿಲ್ಲ. ಸರೋಜಿನಿ ಗಂಡನ ಹೆಸರನ್ನು ಎಂದೂ ಹೇಳದವಳು, ಈಗ ಹೆಸರು ಹಿಡಿದು ಚೀರಿದಳು. ನಗು ನಿಂತುಹೋಯಿತು. ಅಷ್ಟು ಜನರಿದ್ದ ಜಾಗದಿಂದ ಏನೂ ಕೇಳಿಸಲಿಲ್ಲ. ಲೈನು ಕಟ್ ಆಯಿತೇನೋ ಎಂದು ಅಶ್ವಿತಾ ಫೋನನ್ನು ನೋಡಿಕೊಂಡಳು. ಆಗಿರಲಿಲ್ಲ.

ಅಲ್ಲಿ ನಡೆದದ್ದನ್ನು ಆಮೇಲೆ ಅದ್ವೈತನೇ ಹೇಳಿದ. ಕಿಟ್ಟಣ್ಣ ಎಡಮೂಲೆಯಲ್ಲಿ ಗೋಡೆಯ ಏಣಿಯ ಕೊನೆಯ ಮೆಟ್ಟಿಲನ್ನು ಒಂದು ಕೈಯಲ್ಲಿ ಹಿಡಿದು ಕುತ್ತಿಗೆಯವರೆಗೆ ಮುಳುಗಿದ್ದ. ನೀರು ಅವನ ಪಂಚೆಯನ್ನು ಎಳೆಯುತ್ತಿತ್ತು, ಪಂಚೆಯೊಂದಿಗೆ ಅವನನ್ನೂ. ಸೊಂಟದ ಗಂಟು ಬಿಚ್ಚಿಕೊಂಡಿತು, ಬಟ್ಟೆ ಕಳಚಿ ಕೆಳಗೆ ಹೋಯಿತು, ಮನುಷ್ಯ ಉಳಿದ. ಅದ್ವೈತ ಕ್ಯಾಬಿನ್ನಿನಿಂದ ಓಡಿ ಬಂದು ಅವನನ್ನು ಮೇಲೆತ್ತಿದ. ಭುಜದ ಕೀಲು ತಪ್ಪಿತ್ತು, ಮೊಣಕಾಲಿನ ಚರ್ಮ ಸುಲಿದಿತ್ತು. ನೀರು ಇಳಿಸಿದಾಗ ಪಂಚೆಯ ಅರ್ಧ ಭಾಗ ಕಿತ್ತ ಕಂಬಿಗಳ ಸಂದಿನಿಂದ ಒಳಗೆ ಹೋಗಿ ಹಗ್ಗದಂತೆ ಹೊಸೆದುಕೊಂಡಿತ್ತು. ಇಬ್ಬರು ಸೇರಿ ಎಳೆದರೂ ಬರಲಿಲ್ಲ.

ಅಶ್ವಿತಾ ಆಸ್ಪತ್ರೆ ತಲುಪಿದಾಗ ಸುಜಿತ್ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಹಣ್ಣಿನ ಚೀಲ ತಂದಿದ್ದ.

"ಯಾರಿಗೂ ಏನೂ ಆಗಲಿಲ್ಲವಲ್ಲ ಮ್ಯಾಡಮ್. ದೇವರು ದೊಡ್ಡವನು."

"ಆ ನಾಯಿ ಸತ್ತಾಗಲೇ ನಿಮಗೆ ಗೊತ್ತಿತ್ತು."

ಅವನು ಅಲ್ಲಗಳೆಯಲಿಲ್ಲ. "ನಾನು ಮೇಲಿನವರಿಗೆ ತಿಳಿಸಿದ್ದೆ," ಎಂದ, ತನ್ನ ಪಾಲಿನ ಕೆಲಸ ಮುಗಿದಿದೆ ಎಂಬ ಮುಖದಲ್ಲಿ. ಹಣ್ಣಿನ ಚೀಲವನ್ನು ಬೆಂಚಿನ ಮೇಲೆ ಬಿಟ್ಟು ಹೋದ.

ಅವಳು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಳು. ನಾಸಿಕ್‌ನ ಗೇಟಿಗೆ ದುರಸ್ತಿ ನಡೆಯುತ್ತಿದೆ ಎಂಬ ಬೋರ್ಡು ಬಿತ್ತು. ಪಂಚೆ ಮುದುಕ ಹಾರುವ ವಿಡಿಯೋ ಎಲ್ಲರ ಫೋನುಗಳಲ್ಲಿ ಓಡಾಡಿತು. ಅದು ಯಂತ್ರ ನಿಲ್ಲುವಲ್ಲಿಗೇ ಮುಗಿಯುತ್ತಿತ್ತು, ಮುಂದಿನದನ್ನು ಯಾರೋ ಕತ್ತರಿಸಿದ್ದರು. ಹೋಟೆಲಿಗೆ ಬಂದವರು ಕಿಟ್ಟಣ್ಣನನ್ನು ನೋಡಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಮನೆಯಲ್ಲಿ ಮಾತ್ರ ಬಕೆಟ್ಟು ತುಂಬುವ ನಲ್ಲಿಯ ಸದ್ದಿಗೆ ಬೆಚ್ಚಿ ಎದ್ದು ನಿಲ್ಲುತ್ತಿದ್ದ.

ದಾನಮ್ಮ ಕೊಟ್ಟಿದ್ದ ನಂಬರಿಗೆ ಮಾಡಿದರೆ ಫೋನು ಸ್ವಿಚ್ ಆಫ್ ಆಗಿತ್ತು. ಅಶ್ವಿತಾ ಚಿಕಲಠಾಣಾಕ್ಕೆ ಹೋಗಿ ನೋಡಿದರೆ ತಗಡಿನ ಶೆಡ್ಡು ಕಿತ್ತಿದ್ದರು, ಒಲೆಯ ಕಲ್ಲುಗಳಷ್ಟೇ ಉಳಿದಿದ್ದವು. ಬೇರೆ ಕೂಲಿಗಳು ಬಂದಿದ್ದರು. ಅವರಿಗೆ ಮೈಲಾರಿಯ ಹೆಸರೇ ಗೊತ್ತಿಲ್ಲ. ಕೊಳ ಅಂಚಿನವರೆಗೆ ತುಂಬಿ ನೀಲಿಯಾಗಿ ಹೊಳೆಯುತ್ತಿತ್ತು, ಗೇಟಿಗೆ ಹೂವಿನ ಕಮಾನು ಕಟ್ಟುತ್ತಿದ್ದರು. ಮುಂದಿನ ವಾರ ಉದ್ಘಾಟನೆ ಎಂದ ಕಾವಲುಗಾರ.

ಅವಳು ನಾಸಿಕ್‌ಗೆ ವಾಪಸು ಹೋಗಲಿಲ್ಲ. ಕಲೆಕ್ಟರ್ ಕಚೇರಿಯ ಬಾಗಿಲಲ್ಲಿ ದಿನವೂ ಹೋಗಿ ಕೂತಳು. ಕೂತು ಕೂತು, ಕೊನೆಗೆ ಬೇಸತ್ತ ಒಬ್ಬ ಅಧಿಕಾರಿಯನ್ನು ಸ್ಥಳಕ್ಕೆ ಕರೆತಂದಳು. ನೀರು ಇಳಿಯಲು ಇಡೀ ಮಧ್ಯಾಹ್ನ ಹಿಡಿಯಿತು. ಎಡಮೂಲೆಯ ಜಾಲರಿ ಹೊರಗೆ ಕಂಡಾಗ ಕಂಪನಿಯವರು ಸಮಾಧಾನದ ಉಸಿರು ಬಿಟ್ಟರು. ತಂತಿ ಇರಲಿಲ್ಲ. ಹೊಸ ಕಂಬಿ, ಹೊಸ ಬಣ್ಣ, ಹೊಸ ಬೋಲ್ಟು.

"ನೋಡಿದಿರಲ್ಲ?" ಎಂದ ಅಧಿಕಾರಿ, ಜೀಪಿನ ಕಡೆ ತಿರುಗುತ್ತ.

"ಒಂದು ನಿಮಿಷ ಸರ್," ಎಂದು ಅವಳು ಏಣಿ ಇಳಿದಳು. ಪಾಚಿಯ ಮೇಲೆ ಕಾಲು ಜಾರುತ್ತಿತ್ತು. ಕಿಂಡಿಯ ಕತ್ತಲೆಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಗೋಡೆಗೆ ಕಾಲು ಕೊಟ್ಟು, ಮೈಭಾರ ಬಿಟ್ಟು ಜಗ್ಗಿದಳು.

ಬೋಲ್ಟುಗಳು ಸುತ್ತಲಿನ ಸಿಮೆಂಟು ಪುಡಿಯ ಸಮೇತ ಒಂದೊಂದಾಗಿ ಹೊರಬಂದವು. ಜಾಲರಿ ಪೂರ್ತಿ ಅವಳ ಮೇಲೆ ಬಿತ್ತು. ಅದನ್ನು ಪಕ್ಕಕ್ಕೆ ತಳ್ಳಿ, ಕೆಸರಿನಲ್ಲಿ ಕೂತಲ್ಲಿಂದಲೇ ಅವಳು ಮೇಲೆ ನೋಡಿದಳು. ಅಂಚಿನಲ್ಲಿ ನಿಂತಿದ್ದ ಅಧಿಕಾರಿ ಜೇಬಿನಿಂದ ಫೋನು ತೆಗೆದು, ಗೇಟಿಗೆ ಬೀಗ ಹಾಕಿಸಲು ಯಾರಿಗೋ ಹೇಳತೊಡಗಿದ.