ಕೊಡತಿ ಇಲ್ಲದ ಹರಾಜು

ಹರಾಜು ಮಳಿಗೆಯಲ್ಲಿ ವರ್ಷಗಟ್ಟಲೆ ಕೂಗಿ ಪಳಗಿದ ಗಂಟಲು ಮನೆಗೆ ಬಂದ ಮಾತ್ರಕ್ಕೆ ಮನೆಯ ಅಳತೆಗೆ ಇಳಿಯುವುದಿಲ್ಲ. ಪೇಟೆಯವರೆಲ್ಲ ‘ನಗಾರಿ’ ಎಂದು ಕರೆಯುತ್ತಿದ್ದ ಹರಾಜುಗಾರರು ಊಟಕ್ಕೆ ಕೂತು ಉಪ್ಪು ಕೇಳಿದರೆ, ಪಕ್ಕದ ಮನೆಯಾಕೆ ಉಪ್ಪಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದದ್ದುಂಟು. ಅಂಥ ಗಂಟಲಿನ ಮಗ್ಗುಲಲ್ಲೇ ಬೆಳೆದ ಮಗಳಿಗೆ ಮನುಷ್ಯರ ಕಿವಿಯ ಬಗ್ಗೆ ಕನಿಕರ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕಿವಿ ಹೇಗೆ ಕೇಳುತ್ತದೆ, ಕೇಳದೆ ಹೋದಾಗ ಅದಕ್ಕೇನು ಮಾಡಬೇಕು ಎಂಬುದನ್ನು ಕಲಿಸುವ ಕಾಲೇಜು ಆ ಸೀಮೆಗೆಲ್ಲ ಒಂದೇ ಇತ್ತು, ಅದೂ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಲ್ಲಿ ಸೀಟು ಸಿಗದಿದ್ದರೆ ಅಪ್ಪನ ಮಳಿಗೆಯಲ್ಲೇ ಹಳೆಯ ಕುರ್ಚಿಗಳಿಗೆ ಚೀಟಿ ಅಂಟಿಸುತ್ತ ಕೂರಬೇಕು. ಆ ಕೆಲಸವನ್ನು ಅವಳು ಮಾಡಿ ನೋಡಿದ್ದಳು. ಗೋಂದಿನ ವಾಸನೆ ಈಗ ಕನಸಿನಲ್ಲೂ ಬರುತ್ತಿತ್ತು.

ಅರ್ಜಿ ಎಂದೋ ಸಿದ್ಧವಾಗಿತ್ತು. ಅಂಕಪಟ್ಟಿ, ಶಾಲೆಯ ಶಿಫಾರಸು, ‘ನಾನೇಕೆ ಈ ವಿಷಯ ಆರಿಸಿಕೊಂಡೆ’ ಎಂಬ ಪ್ರಬಂಧ (ಅದರಲ್ಲಿ ಅಪ್ಪನ ಹೆಸರೆತ್ತದೆ ಅಪ್ಪನ ಬಗ್ಗೆಯೇ ಬರೆದಿದ್ದಳು) ಎಲ್ಲವೂ ಮಳಿಗೆಯ ಕಂಪ್ಯೂಟರಿನಲ್ಲಿದ್ದವು. ‘ಕಳುಹಿಸು’ ಎಂಬ ಗುಂಡಿ ಒತ್ತುವುದೊಂದು ಬಾಕಿ. ಒತ್ತಲು ಬಿಡದವರು ಅಪ್ಪ.

“ಮೊದಲೇ ಕೈ ಎತ್ತೋದು ಹಪಾಹಪಿ ಇರೋರ ಲಕ್ಷಣ ಮರಿ. ಅಲಮಾರಿ ಕಂಡ ಕೂಡ್ಲೇ ಕೈ ಎತ್ತೋನ ಕಣ್ಣಲ್ಲಿ ಆಸೆ ಕುಣೀತಿರುತ್ತೆ. ಅವನನ್ನ ಹಿಂಡಿ ಹಿಪ್ಪೆ ಮಾಡ್ತೀವಿ. ಗೆಲ್ಲೋನು ಹಿಂದಿನ ಗೋಡೆಗೆ ಒರಗಿ ಆಕಳಿಸ್ತಾ ನಿಂತಿರ್ತಾನೆ. ಕೊಡತಿ ಬೀಳೋ ಹೊತ್ತಿಗೆ ಒಂದು ಬೆರಳು ಎತ್ತಿದ ಅಂದ್ರೆ, ಮುಗೀತು!” ಎಂದು ಅವರು ಮರದ ಕೊಡತಿಯಿಂದ ಊಟದ ಮೇಜಿಗೇ ಒಂದು ಬಾರಿಸಿದರು. ಆ ಸುತ್ತಿಗೆಯನ್ನು ಅವರು ಮನೆಗೂ ತರುತ್ತಿದ್ದರು. ಬಿಟ್ಟುಬಂದರೆ ಕೈಗೆ ಏನೋ ಕಳೆದುಕೊಂಡಂತಾಗುತ್ತಿತ್ತಂತೆ.

“ಅದು ಅಲಮಾರಿ ಅಪ್ಪ, ಇದು ಕಾಲೇಜು. ಅರ್ಜಿ ಬಂದ ಹಾಗೇ ನೋಡ್ತಾರಂತೆ. ಹಿಡಿಸಿದ್ರೆ ಆಗಲೇ ಸೀಟು ಕೊಟ್ಟುಬಿಡ್ತಾರಂತೆ.”

“ಕೊನೇ ತಾರೀಖು ಅಂತ ಹಾಕಿದಾರೋ ಇಲ್ವೋ?”

“ಹಾಕಿದಾರೆ.”

“ಮತ್ತೆ? ಅದೇ ಕೊಡತಿ.”

ಮೂಲೆಯ ಆರಾಮಕುರ್ಚಿಯಲ್ಲಿದ್ದ ಅಜ್ಜಿ, ಎಂದರೆ ನಗಾರಿಯನ್ನು ಹೆತ್ತ ತಾಯಿ, ಕಣ್ಣು ತೆರೆದರು. ಆಕೆಯ ಕಿವಿ ತನಗೆ ಬೇಕಾದ್ದಕ್ಕೆ ಮಾತ್ರ ತೆರೆಯುತ್ತಿತ್ತು. “ಇವನು ಹುಟ್ಟೋವಾಗಲೂ ಹೀಗೇ ಕಣೇ. ಡಾಕ್ಟರು ಸಾಕಾಗಿ ಕೋಟು ಹಾಕ್ಕೊಂಡು ಮನೆಗೆ ಹೊರಟ ಮೇಲೆ ಹೊರಗೆ ಬಂದ.”

“ಅಮ್ಮಾ, ನೀನು ಸುಮ್ನಿರು.”

“ಏನಂದೆ? ಕೇಳಿಸಲಿಲ್ಲ.”

ಮಗಳು ನಕ್ಕಳು, ಆದರೂ ಗುಂಡಿ ಒತ್ತಲಿಲ್ಲ. ಅರ್ಧದಷ್ಟು ಕೀಲಿಗಳು ಸದ್ದೇ ಮಾಡದ ಪಿಯಾನೋವೊಂದಕ್ಕೆ ಅಣ್ಣತಮ್ಮಂದಿರಿಬ್ಬರು ಜಿದ್ದಿಗೆ ಬಿದ್ದು ಬೆಲೆ ಕೂಗುವಂತೆ ಮಾಡಿದವರು ಅಪ್ಪ. ಅಂಥವರ ಲೆಕ್ಕ ತಪ್ಪುವುದುಂಟೇ? ಅಲ್ಲದೆ ಕಳುಹಿಸದ ಅರ್ಜಿಯನ್ನು ಯಾರೂ ತಿರಸ್ಕರಿಸಲಾರರು. ಆ ಹೇಡಿ ಸುಖವೂ ಅವಳಿಗೆ ಒಳಗೊಳಗೇ ರುಚಿಸಿತ್ತು.

ಮನಸ್ಸು ತಡೆಯದೆ ಒಂದು ದಿನ ಕಾಲೇಜಿಗೆ ಫೋನ್ ಮಾಡಿದಳು. ಕಚೇರಿಯ ಹೆಂಗಸು ಗಾಬರಿಯಾದಳು. “ಅಯ್ಯೋ, ಇನ್ನೂ ಹಾಕಿಲ್ವೇನಮ್ಮ? ಕೊನೇ ತಾರೀಖು ಅನ್ನೋದು ಸೀಟು ಮಿಕ್ಕಿದ್ರೆ ಮಾತ್ರ! ನಿಮ್ಮ ವಿಭಾಗ ತುಂಬ್ತಾ ಬಂತು.”

ಓಡಿಹೋಗಿ ಹೇಳಿದರೆ ಅಪ್ಪ ಹೊಟ್ಟೆ ಹಿಡಿದು ನಕ್ಕರು. “ಅದು ಮಾರೋರ ಮಾತು ಹುಚ್ಚೀ! ‘ಇದೊಂದೇ ಉಳಿದಿರೋದು’ ಅಂತ ನಾನೇ ದಿನಕ್ಕೆ ಎಷ್ಟು ಸಲ ಕೂಗಲ್ಲ? ಗೋದಾಮಲ್ಲಿ ಅಂಥವೇ ರಾಶಿ ಬಿದ್ದಿರುತ್ತೆ. ಅವರು ಆಸೆ ತೋರಿಸಿದಾಗ ನೀನು ಆಕಳಿಸಬೇಕು.”

ಆಕಳಿಸಲು ಅವಳಿಂದ ಆಗಲಿಲ್ಲ. ಆದರೂ ಗುಂಡಿಯ ತನಕ ಹೋದ ಬೆರಳನ್ನು ಹಿಂದಕ್ಕೆಳೆದುಕೊಂಡಳು.

ಹರಾಜಿನ ಮರುದಿನ ಮಳಿಗೆಯ ಅಂಗಳದಲ್ಲಿ ಮಿಕ್ಕ ಮಾಲಿನ ಮಾರಾಟ ನಡೆಯುವುದು ವಾಡಿಕೆ. ಅಲ್ಲಿ ಕೂಗಾಟವಿಲ್ಲ, ಚೀಟಿಯ ಮೇಲೆ ಬರೆದದ್ದೇ ಬೆಲೆ, ಮೊದಲು ಕೈಯಿಟ್ಟವರದೇ ವಸ್ತು. ಆ ಸಲ ನಿವೃತ್ತ ಮೇಷ್ಟ್ರೊಬ್ಬರು ಬೆಳಗಿನಿಂದ ಒಂದು ಬರೆಯುವ ಮೇಜನ್ನು ಸುತ್ತುತ್ತಿದ್ದರು. ದೂರ ನಿಲ್ಲುವರು, ಹತ್ತಿರ ಬರುವರು, ಖಾನೆ ಎಳೆದು ಮೂಸುವರು, ಮೂಗು ಮುರಿದು ಮತ್ತೆ ದೂರ ಸರಿಯುವರು. ಸಂಜೆಗೆ ಬೆಲೆ ಇಳಿದೀತೆಂಬ ಎಣಿಕೆ. ಅಷ್ಟರಲ್ಲಿ ಬೇಕರಿಯಾಕೆ ಹಿಟ್ಟಿನ ಕೈಯಲ್ಲೇ ಬಂದಳು, ಮೇಜಿನ ಮೇಲೆ ಪಟ್ಟೆಂದು ಅಂಗೈ ಊರಿದಳು, ಎತ್ತಿಸಿಕೊಂಡು ಹೋಗಿಯೂ ಬಿಟ್ಟಳು.

“ಇದು ಅನ್ಯಾಯ! ನಾನು ಬೆಳಿಗ್ಗೆಯಿಂದ ನೋಡ್ತಾ ಇದ್ದೆ!” ಎಂದರು ಮೇಷ್ಟ್ರು.

“ನೋಡೋಕೆ ನಾವೇನೂ ಬೇಡ ಅನ್ನಲಿಲ್ಲ ಮೇಷ್ಟ್ರೇ,” ಎಂದು ನಗಾರಿ ಮೊಳಗಿತು. “ಆದ್ರೆ ಬೇಕು ಅನ್ಸಿದ ತಕ್ಷಣ ಕೈ ಇಡಬೇಕಿತ್ತು! ಕೊಡತಿ ಬೀಳಲಿ ಅಂತ ಕಾಯ್ತಾ ನಿಂತ್ರೆ? ಇಲ್ಲಿ ಕೊಡತಿ ಎಲ್ಲಿದೆ ಸ್ವಾಮಿ, ಬೀಳೋಕೆ?”

ಹಳೆಯ ಕುರ್ಚಿಯೊಂದರ ಹಿಂದೆ ಗೋಂದಿನ ಕುಂಚ ಹಿಡಿದು ಕೂತಿದ್ದ ಮಗಳು ಮೆಲ್ಲಗೆ ಎದ್ದಳು.

“ಅಪ್ಪ, ಇನ್ನೊಂದ್ಸಲ ಹೇಳು.”

“ಏನನ್ನ?”

“ಮೇಷ್ಟ್ರಿಗೆ ಹೇಳಿದ್ದನ್ನ.”

ಅಪ್ಪ ಬಾಯಿ ತೆರೆದರು. ಮೇಷ್ಟ್ರ ಕಡೆ ನೋಡಿದರು, ಮೇಜು ಇದ್ದ ಜಾಗದ ಕಡೆ ನೋಡಿದರು. ಮಗಳು ಕಾಯಲಿಲ್ಲ. ಒಳಗೆ ಹೋಗಿ ಗೋಂದಿನ ಬೆರಳಲ್ಲೇ ಗುಂಡಿ ಒತ್ತಿದಳು.

“ಒತ್ತಿದೆಯಾ?” ಅಪ್ಪ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದರು.

“ಒತ್ತಿದೆ.”

“ಯಾವುದಕ್ಕೂ ಇನ್ನೊಂದ್ಸಲ ಒತ್ತು!”

“ಇದೇನು ಬಸ್ಸಿನ ಗಂಟೆನಾ ಅಪ್ಪ?”

ಉತ್ತರ ಬಂತು. ಅರ್ಜಿ ಕಾಲೇಜಿನವರಿಗೆ ಬಹಳ ಮೆಚ್ಚುಗೆಯಾಗಿತ್ತು, ಪ್ರಬಂಧವನ್ನಂತೂ ಹೊಗಳಿದ್ದರು. ಆದರೆ ಈ ಸಲದ ತಂಡ ಸ್ವಲ್ಪ ಮುಂಚೆಯಷ್ಟೇ ಭರ್ತಿಯಾಗಿತ್ತು. ಆರು ತಿಂಗಳ ಬಳಿಕ ಶುರುವಾಗುವ ತಂಡದಲ್ಲಿ ಅವಳಿಗೆ ಜಾಗ ಕೊಟ್ಟಿದ್ದರು.

ಅಪ್ಪ ಅದನ್ನು ಓದಿ ಹೇಳಿದ ದನಿ ಎಷ್ಟು ತಗ್ಗಿತ್ತೆಂದರೆ ಅಜ್ಜಿಗೆ ನಿಜವಾಗಿಯೂ ಕೇಳಿಸಲಿಲ್ಲ.

“ನನ್ನಿಂದಾಯ್ತು ಮರಿ.”

“ಅರ್ಧ ನಿನ್ನಿಂದ. ಬೆರಳು ನನ್ನದೇ ಅಲ್ವಾ?” ಎಂದಳು. ಅಳು ಬರುವಂತಿತ್ತು, ಅಷ್ಟರಲ್ಲಿ ಅಜ್ಜಿ, “ಏನು, ಯಾರು ಹೋದ್ರು?” ಎಂದು ಗಾಬರಿಯಿಂದ ಕೂಗಿದ್ದರಿಂದ ನಗು ಮುಂದೆ ನುಗ್ಗಿತು.

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಹಾಸ್ಟೆಲ್ ಕೋಣೆಗಳನ್ನೂ ಮೊದಲು ಬಂದವರಿಗೆ ಮೊದಲು ಕೊಡಲಾಗುವುದು. ಅಪ್ಪ ಅದನ್ನು ಓದಿದವರೇ ಹರಾಜಿನ ದಿನದ ಕೋಟು ತೊಟ್ಟು, ಮಗಳನ್ನು ಎಳೆದುಕೊಂಡು ಮೊದಲ ಬಸ್ಸು ಹತ್ತಿದರು.

ಕಾಲೇಜಿನ ಗೇಟಿನಲ್ಲಿ ಕಾವಲುಗಾರ ಅವರನ್ನು ಅನುಮಾನದಿಂದ ನೋಡಿದ. “ಹಾಸ್ಟೆಲ್ಲಾ? ಅದಕ್ಕೆ ಇನ್ನೂ ಎಷ್ಟೋ ತಿಂಗಳಿದೆ ಸಾರ್. ಅರ್ಜಿನೇ ಅಚ್ಚಾಗಿಲ್ಲ.”

“ಗೊತ್ತು. ನಮಗಿಂತ ಮುಂಚೆ ಯಾರಾದ್ರೂ ಬಂದಿದಾರಾ?”

“ಯಾರೂ ಇಲ್ಲ.”

“ಹಾಗಾದ್ರೆ ಜ್ಞಾಪಕ ಇಟ್ಕೊಳ್ಳಿ!” ಅಪ್ಪ ಬಲಗೈಯನ್ನು ಆಕಾಶಕ್ಕೆ ಎತ್ತಿ ಹಿಡಿದರು. “ನಾವೇ ಮೊದಲು!”

ಅಂಗಳದಾಚೆ, ಹೊರಗಿನ ಸದ್ದು ಒಳಗೆ ನುಸುಳದಂತೆ ದಪ್ಪ ಗೋಡೆ ಕಟ್ಟಿದ ಕಿವಿ ಪರೀಕ್ಷೆಯ ಕೋಣೆಯ ಬಾಗಿಲು ತೆರೆಯಿತು. ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡ ಅಧ್ಯಾಪಕಿಯೊಬ್ಬರು ಹೊರಗೆ ಬಂದು ಸುತ್ತ ನೋಡಿದರು.

“ಯಾರದು?”

“ನಮ್ಮಪ್ಪ,” ಎಂದಳು ಮಗಳು. “ನೀವು ಹೊಗಳಿದ ಪ್ರಬಂಧದಲ್ಲಿ ಇದ್ದಾರಲ್ಲ, ಅವರೇ.”