ಹಿಕ್ಕೆ ಒಡೆದು ನೋಡಿದವನು

ತಿಪ್ಪಯ್ಯನ ಹೆಣದ ಬಲಗೈ ತೊಳೆಯುತ್ತಿದ್ದ ಹನುಮಣ್ಣನ ಮುಂದೆ ದೇವಸಮುದ್ರದ ಗೌಡರು ಬಟ್ಟೆಯ ಗಂಟು ಬಿಚ್ಚಿ ಬೆಳ್ಳಿ ಬಿಲ್ಲೆ ತೆಗೆದರು.

"ಬಿಳೀ ದೊರೆಗಳು ಇವನಿಗೆ ಕೊಟ್ಟಿದ್ದು. ಎದೆ ಮ್ಯಾಲಿಟ್ಟೇ ಮಣ್ಣು ಮಾಡಾನ. ಬಸ್ರಾ ಯುದ್ಧಕ್ಕೆ ಇವನ ಜೊತೆಗೆ ಹೋಗಿದ್ದೋನು ನೀನೇ ಅಲ್ವೇನ್ಲೇ? ನಾಕು ಮಾತು ಹೇಳು."

ತಲೆದಿಕ್ಕಿನಲ್ಲಿ ಕೂತಿದ್ದ ಹೆಂಡತಿ ಸೂರಮ್ಮ ಕಣ್ಣೊರೆಸಿಕೊಂಡಳು. "ಹನ್ನೆರಡು ವರ್ಷ ಅದನ್ನ ಮನೆಯೊಳಕ್ಕೆ ಬಿಟ್ಕೊಂಡಿಲ್ಲ ನಮ್ಮೋನು. ಯಾಕೆ ಅಂತ ಕೇಳಿದ್ರೆ ಎದ್ದು ಕುರಿಹಟ್ಟಿಗೆ ಹೋಗೋನು. ನಿಂಗೆ ಗೊತ್ತೈತೇನಣ್ಣ?"

ಹನುಮಣ್ಣ ಬಗ್ಗಿ ತೊಳೆದ ಕೈ ಒರೆಸತೊಡಗಿದ. ಈ ಕೈ ಅವನಿಗೆ ಎಷ್ಟು ಚೆನ್ನಾಗಿ ಗೊತ್ತು! ಕುರಿಯ ಹಿಕ್ಕೆಯೊಂದನ್ನು ಅಂಗೈಯಲ್ಲಿ ಒಡೆದು, ಮೂಸಿ, "ನಿನ್ನೆ ಬ್ರಹ್ಮಗಿರಿ ಬುಡದಾಗೆ ಮೇದೈತೆ" ಎನ್ನುತ್ತಿದ್ದ ತಿಪ್ಪಯ್ಯ. ಅವನ ಮಾತು ಒಂದು ದಿನವೂ ಸುಳ್ಳಾಗಿದ್ದಿಲ್ಲ. ಕಳೆದ ಕುರಿ ಹುಡುಕಲು ಚಳ್ಳಕೆರೆ ಕಡೆಯವರೂ ಅವನನ್ನೇ ಕರೆಯುತ್ತಿದ್ದರು. ಎಂಥ ಸುಖದ ದಿನಗಳವು!

*

ಆಗ ಬಸ್ರಾದಾಚೆಯ ಮರಳುಗಾಡಿನಲ್ಲಿ ಇಬ್ಬರೂ ದೊರೆಗಳ ದಂಡಿನ ಸಾಮಾನು ಹೊರುವ ಹೇಸರಗತ್ತೆ ಹೊಡೆಯುತ್ತಿದ್ದರು. ಅಲ್ಲಿನ ಕುರಿಗಾಹಿ ಬುಡಕಟ್ಟಿನ ತಂಟೆಗೆ ಹೋಗುವುದಿಲ್ಲವೆಂದು ದೊರೆಗಳೇ ಮಾತು ಕೊಟ್ಟಿದ್ದರು. ಆದರೆ ಅವರ ನೀರಿನ ಬಾವಿಗಳು ಬೇಕಾಗಿದ್ದವು, ಅದಕ್ಕೊಂದು ನೆಪವೂ ಬೇಕಾಗಿತ್ತು. ಒಂದು ಬೆಳಿಗ್ಗೆ ತಿಪ್ಪಯ್ಯನನ್ನು ಆ ಬುಡಕಟ್ಟಿನ ಹಟ್ಟಿ ನೋಡಿ ಬರಲು ಕಳಿಸಿದರು.

ಅವನು ಮುಷ್ಟಿ ತುಂಬ ಹಿಕ್ಕೆ, ಲದ್ದಿ ತಂದು ದುಭಾಷಿಯ ಎದುರು ಒಡೆದ. "ದಂಡಿನ ಕುದುರೆ ಕಾಳು ತಿಂತಾವೆ ಸ್ವಾಮಿ. ಇದ್ರಾಗೆ ಬರೀ ಹುಲ್ಲೈತೆ. ಅಲ್ಲಿರೋರು ನಮ್ಮಂಥ ಕುರಿಯೋರು. ಹೆಂಗಸ್ರು, ಮಕ್ಕಳವ್ರೆ."

ದೊರೆಗಳು ಮುಂದಿಟ್ಟ ಕಾಗದದಲ್ಲಿ ಬೇರೆಯೇ ಬರೆದಿತ್ತು. ಅಲ್ಲಿ ಐನೂರು ಕುದುರೆಯ ದಂಡು ಅಡಗಿದೆ, ತಿಪ್ಪಯ್ಯ ಕಣ್ಣಾರೆ ಕಂಡಿದ್ದಾನೆ ಎಂದು. ದುಭಾಷಿ ಓದಿ ಹೇಳಿದಾಗ ತಿಪ್ಪಯ್ಯ ಕೈ ಹಿಂದೆ ಕಟ್ಟಿಕೊಂಡ.

"ಹೆಬ್ಬೆಟ್ಟು ಒತ್ತಲೇ," ಎಂದವನು ಹನುಮಣ್ಣ. "ಒತ್ತಿದ್ರೆ ಇಬ್ರನ್ನೂ ಊರಿಗೆ ಕಳಿಸ್ತಾರಂತೆ." ಅವನೇ ಆ ಹೆಬ್ಬೆರಳು ಹಿಡಿದು ಮಸಿಗೆ ಅದ್ದಿದ, ಕಾಗದಕ್ಕೆ ಒತ್ತಿದ. ಮಾರನೆಯ ದಿನ ಹಟ್ಟಿಯ ಮೇಲೆ ತೋಪಿನ ಗುಂಡು ಸುರಿದವು. ಇವರಿಬ್ಬರೂ ಊರಿಗೆ ಬಂದರು, ಬಿಲ್ಲೆಯೂ ಹಿಂದೆಯೇ ಬಂತು.

*

"ಹೇಳಲೇ," ಎಂದರು ಗೌಡರು, ಬಿಲ್ಲೆಯನ್ನು ಹೆಣದ ಕಂಬಳಿಗೆ ಸಿಕ್ಕಿಸುತ್ತ.

ಹನುಮಣ್ಣ ಅದನ್ನು ಕಿತ್ತು ಅವರ ಕೈಗೇ ಕೊಟ್ಟ. "ಬ್ಯಾಡ ಗೌಡ್ರೇ. ಅಲ್ಲಿ ದಂಡು ಇರಲಿಲ್ಲ. ಇವನು ನಿಜಾನೇ ಹೇಳಿದ್ದ. ಅವ್ರು ಸುಳ್ಳು ಬರೆದ್ರು. ಹೆಬ್ಬೆಟ್ಟು ಒತ್ತಿಸ್ದೋನು ನಾನು, ಅತ್ತಿಗೆ. ಊರು ನೋಡೋ ಆಸೆಗೆ ಒತ್ತಿಸ್ದೆ." ಎಂದವನೇ ಮಗುವಿನ ಹಾಗೆ ಅತ್ತುಬಿಟ್ಟ.

ಬಿಲ್ಲೆ ಎಲ್ಲಿಡಬೇಕೆಂದು ತಿಳಿಯದೆ ಗೌಡರು ಸುಮ್ಮನೆ ಹಿಡಿದು ನಿಂತರು. ಸೂರಮ್ಮ ಎದ್ದು ಕುರಿಹಟ್ಟಿಗೆ ಹೋಗಿ, ಒಣಗಿದ ನಾಲ್ಕು ಹಿಕ್ಕೆ ಆರಿಸಿ ತಂದು ಗಂಡನ ಅಂಗೈಯಲ್ಲಿಟ್ಟಳು.

"ಕೈ ಮುಚ್ಚಣ್ಣ," ಎಂದಳು.

ಹನುಮಣ್ಣ ಬೆರಳುಗಳನ್ನು ಒಂದೊಂದಾಗಿ ಮಡಚಿದ. ಕೊನೆಗೆ ಆ ಹೆಬ್ಬೆರಳನ್ನು ಮೆಲ್ಲಗೆ ಹಿಡಿದು, ಹಿಕ್ಕೆಯ ಮೇಲೆ ಒತ್ತಿದ.