ಗುರುತು ಸಿಗದ ದನಿ

ದಿನಾ ಸಂಜೆ ಬೆಳಗಾವಿಯಿಂದ ಖಾನಾಪುರಕ್ಕೆ ಹೊರಡುವ ಬಸ್ಸಿನೊಳಕ್ಕೆ ಓಂಕಾರ ಕಿಟಕಿಯಿಂದಲೇ ಟವೆಲ್ ಎಸೆದು ಗೆಳೆಯ ಬೀರೇಶನಿಗೂ ಸೀಟು ಹಿಡಿಯುತ್ತಿದ್ದ. ಅದಕ್ಕೆ ಬಾಡಿಗೆಯೆಂದರೆ ಬೀರೇಶನ ಮಿಮಿಕ್ರಿ. ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆಯ ಥಾಯ್ ಧಾರಾವಾಹಿಯನ್ನು ಮೊಬೈಲಿನಲ್ಲಿ ಹಾಕಿ, ಸದ್ದು ಬಂದ್ ಮಾಡಿ, ಬೀರೇಶನೇ ಮಾತು ತುಂಬಬೇಕು. ನಾಯಕ ಕಂಡಕ್ಟರನಂತೆ ಗದರುವನು. ಅವನ ತಾಯಿ, ಇಬ್ಬರಿಗೂ ಪರಿಚಯದ ನಂದಗಡದ ಅಜ್ಜಿ ಸಾತವ್ವನಂತೆ ರಾಗ ಎಳೆಯುವಳು. ಓಂಕಾರನಿಗೆ ಅದೆಲ್ಲ ತಮಾಷೆ. ಅದೇ ಧಾರಾವಾಹಿ ನೋಡಿ ತಾನು ಮನೆಯಲ್ಲಿ ಒಬ್ಬನೇ ಅಳುತ್ತೇನೆಂದು ಬೀರೇಶ ಯಾರಿಗೂ ಹೇಳಿರಲಿಲ್ಲ.

ಅಂದು ಪರದೆಯ ಮೇಲೆ ಒಬ್ಬ ಹುಡುಗ ಇನ್ನೊಬ್ಬನ ತೋಳು ಹಿಡಿದು ನಿಂತ.

"ಏನಂತಾನಲೇ ಅಂವಾ?" ಎಂದ ಓಂಕಾರ.

ಬೀರೇಶ ಯಾರ ದನಿಯನ್ನೂ ಮಾಡಲಿಲ್ಲ. ಮೊಬೈಲ್ ಬಿಟ್ಟು ಓಂಕಾರನನ್ನೇ ನೋಡಿದ. "ನೀ ಬಾಜೂಕ ಕುಂತ್ರ ನನಗ ಊರ ಬರೂದ ಬ್ಯಾಡ ಅನಸ್ತೈತಿ."

ಓಂಕಾರ ಹುಬ್ಬು ಗಂಟಿಕ್ಕಿದ. "ಇದ್ಯಾರ ದನೀಲೇ? ಒಟ್ಟ ಗುರ್ತಾ ಸಿಗವಲ್ದು. ಸಾತವ್ವಂದು ಮಾಡಪಾ."

ಬೀರೇಶ ಗಂಟಲು ಸರಿಮಾಡಿಕೊಂಡು ಅದೇ ಮಾತನ್ನು ಸಾತವ್ವನ ರಾಗದಲ್ಲಿ ಹೇಳಿದ. ಓಂಕಾರ ಬಿದ್ದುಬಿದ್ದು ನಕ್ಕ. ಮುಂದಿನ ಸೀಟಿನವರೂ ತಿರುಗಿ ನಕ್ಕರು.

ಖಾನಾಪುರ ಬಂತು. "ನಾಳಿ ಸೀಟ ಹಿಡದಿರ್ತೇನಿ" ಎಂದು ಓಂಕಾರ ಟವೆಲ್ ಕೊಡವಿ ಇಳಿದುಹೋದ. ಕೂತೇ ಇದ್ದ ಬೀರೇಶನನ್ನು ಎಬ್ಬಿಸಲು ನಿಜವಾದ ಕಂಡಕ್ಟರನೇ ಬಂದು ಗದರಬೇಕಾಯಿತು.